ಇಂದಿನ ಚಿಂತನೆ: ನೆನಪು ತಪ್ಪಿದರೆ ಸುಳ್ಳಾಯಿತೇ?





ಆತ್ಮಕಥೆಯಲ್ಲಿ ಬರೆದದ್ದೆಲ್ಲ ಅಕ್ಷರಶಃ ನಿಜವಿರಬೇಕೇ? ನಾಲ್ಕನೆಯ ಶೀಲ ತೆಗೆದುಕೊಂಡ ನಮಗೆ ಇದು ಬರೀ ಸಾಹಿತ್ಯದ ಪ್ರಶ್ನೆಯಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಬರೋಡಾದ ಪ್ರಸಂಗ ಗೊತ್ತು. ನೌಕರಿಗೆಂದು ಹೋದವರಿಗೆ ಇರಲು ಜಾಗವಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಪಾರ್ಸಿಗಳ ಗುಂಪೊಂದು ಬಂದು ನಿಂತಿತು. ಇದನ್ನು ಅವರು ಬರೆದದ್ದು ಸುಮಾರು ಹದಿನೆಂಟು ವರ್ಷಗಳ ನಂತರ. ಲಂಡನ್ನಿನಿಂದ 1918ರಲ್ಲಿ ಮರಳಬೇಕಾಯಿತು ಎಂದು ಅಲ್ಲಿದೆ. ಜೀವನಚರಿತ್ರೆಗಳು ಕೊಡುವ ವರ್ಷ 1917.

ಹಾಗಾದರೆ ಇದು ಮುಸಾವಾದವೇ? ಅಟ್ಠಕಥೆಗಳ ಪ್ರಕಾರ ಸುಳ್ಳಿಗೆ ನಾಲ್ಕು ಅಂಗಗಳು: ವಿಷಯ ನಿಜವಲ್ಲದ್ದು, ಮೋಸಗೊಳಿಸುವ ಮನಸ್ಸು, ಅದಕ್ಕೆ ತಕ್ಕ ಪ್ರಯತ್ನ, ಕೇಳಿದವನಿಗೆ ಅದು ಅರ್ಥವಾಗುವುದು. ಇಸವಿ ತಪ್ಪಿದಲ್ಲಿ ಎರಡನೆಯದೇ ಇಲ್ಲ. ತಮ್ಮನ್ನು ಚೆಂದ ಕಾಣಿಸುವ ಉದ್ದೇಶವಿದ್ದರೆ ಬಾಬಾಸಾಹೇಬರು ಮೊದಲು ಬಿಡಬೇಕಾದದ್ದು ಸುಳ್ಳು ಹೆಸರಿನ ಸಂಗತಿಯನ್ನೇ. ಅದನ್ನು ಅವರೇ ಹೇಳಿದ್ದಾರೆ.

ಮರಾಠಿಯ ದಯಾ ಪವಾರರ 'ಬಲುತಂ' (1978) ಕೃತಿಯಲ್ಲಿ ದಗಡೂ ಪವಾರ್ ತನ್ನ ಕತೆಯನ್ನು ದಯಾ ಪವಾರರಿಗೆ ಹೇಳುತ್ತಾನೆ. ಇಬ್ಬರೂ ಒಬ್ಬರೇ. ಅಂಥ ಭೇಟಿ ನಡೆದಿಲ್ಲ, ಆದರೆ ಓದುಗನಿಗೆ ಅದು ಗೊತ್ತಾಗುತ್ತದೆ. ಇಲ್ಲೂ ಮೋಸವಿಲ್ಲ. ಅಮೆರಿಕದ ಜೇಮ್ಸ್ ಫ್ರೇ ಮಾತ್ರ ಕೆಲವೇ ತಾಸುಗಳ ಬಂಧನವನ್ನು 87 ದಿನಗಳ ಜೈಲುವಾಸ ಮಾಡಿ ಬರೆದರು. 2006ರಲ್ಲಿ ಅದು ಬಯಲಾಯಿತು. ಅದು ಮರೆವಲ್ಲ.

"ನಮ್ಮ ನೋವು ಖರೇ ಇದೆ, ಇನ್ನೊಂದು ಏಟು ಸೇರಿಸಿದರೆ ಏನಾಯಿತು?" ಎಂದು ಕೇಳುವವರಿದ್ದಾರೆ. ನಂಬಬಾರದೆಂದು ಮೊದಲೇ ನಿಶ್ಚಯಿಸಿದವನು ಆ ಒಂದು ಏಟನ್ನೇ ಹಿಡಿದುಕೊಂಡು ಉಳಿದ ಹತ್ತು ಏಟುಗಳೂ ಸುಳ್ಳೆನ್ನುತ್ತಾನೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವರ ಮಾತನ್ನೂ ಯಾರೂ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ಹಾನಿ ಒಳಗಿನದು: ಸೇರಿಸುವವನಿಗೆ ನಡೆದದ್ದು ಸಾಲದು ಅನ್ನಿಸಿರುತ್ತದೆ. ಕುಡಿಯಲು ನೀರು ಕೊಡದಿದ್ದದ್ದೇ ಸಾಲದೇ?

1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಅಧ್ಯಕ್ಷತೆಯಲ್ಲಿ ನಮ್ಮ ಪಕ್ಕದ ನಿಪ್ಪಾಣಿಯಲ್ಲೇ ಬಹಿಷ್ಕೃತರ ಪರಿಷತ್ತು ನಡೆಯಿತು. ಕಣ್ಣಾರೆ ಕಂಡವರು ಇಂದು ಸಿಗುವುದು ಕಷ್ಟ. ಅವರಿಂದ ಕೇಳಿದವರು ಇನ್ನೂ ಸಿಗಬಹುದು. ಅಂಥ ಹಿರಿಯರು ಮನೆಯಲ್ಲಿದ್ದರೆ ಕುಳಿತು ಕೇಳಿ, ಬರೆದಿಡಿ. ಬರೆಯುವಾಗ ಭಂತೆ ಆನಂದರ ಕ್ರಮ ನೆನಪಿರಲಿ. ಬುದ್ಧರ ಜತೆಗೇ ಇದ್ದವರಾದರೂ ಸುತ್ತ ಹೇಳುವಾಗ ತಾವು ಕೇಳಿದ್ದನ್ನು ಕೇಳಿದ್ದು ಎಂದೇ ಹೇಳಿ ಶುರುಮಾಡುತ್ತಾರೆ. ನಾವೂ "ನಾನು ಕಂಡೆ", "ಅಜ್ಜ ಹೇಳಿದರು", "ಬಹುಶಃ ಹೀಗಿತ್ತು" ಎಂಬ ಮೂರನ್ನು ಬೇರೆಬೇರೆಯಾಗಿ ಬರೆಯೋಣ. ಅಜ್ಜನಿಗೆ ಇಸವಿ ನೆನಪಿಲ್ಲದಿದ್ದರೆ ನೆನಪಿಲ್ಲವೆಂದೇ ಬರೆಯಿರಿ. ಅದೂ ನಿಜವೇ.

ಭವತು ಸಬ್ಬ ಮಂಗಲಂ 🪷