ಸಾವಿಗೆ ದಿನ ಗೊತ್ತುಮಾಡುವುದು

ಕನ್ನಡದಲ್ಲಿ ‘ದಯಾಮರಣ’ ಎನ್ನುತ್ತೇವೆ. ದಯೆ ಮೊದಲು, ಮರಣ ಆಮೇಲೆ. ಇಲ್ಲಿನ ಇಂಗ್ಲಿಷಿನಲ್ಲಿ ಸಾಕುಪ್ರಾಣಿಗಳ ಮಟ್ಟಿಗೆ ಮರಣದ ಮಾತೇ ಬರುವುದಿಲ್ಲ. ‘ಪುಟ್ ಟು ಸ್ಲೀಪ್’ ಎನ್ನುತ್ತಾರೆ, ಮಲಗಿಸುವುದು. ಮಗುವನ್ನು ತಟ್ಟಿ ಮಲಗಿಸುವುದಕ್ಕೂ 13 ವರ್ಷ ಮನೆಯಲ್ಲಿ ಓಡಾಡಿಕೊಂಡಿದ್ದ ನಾಯಿಯ ರಕ್ತನಾಳಕ್ಕೆ ಪೆಂಟೊಬಾರ್ಬಿಟಾಲ್ ಏರಿಸುವುದಕ್ಕೂ ಹೆಚ್ಚುಕಡಿಮೆ ಒಂದೇ ಮಾತು. ಎರಡರಲ್ಲಿ ಯಾವುದು ಪ್ರಾಮಾಣಿಕ ಎಂದು ಕೇಳಿದರೆ ನಾನು ಕನ್ನಡದ ಪರ. ಆದರೆ ಆ ಪದದಲ್ಲೂ ಒಂದು ಪ್ರಶ್ನೆ ಉಳಿದುಕೊಂಡಿದೆ. ದಯೆ ಯಾರ ಮೇಲೆ?

ನಾವಿರುವುದು ಆರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿ. ಗುಂಡ ನಮ್ಮ ಮನೆಗೆ ಬಂದದ್ದು ಅನಾಥ ಪ್ರಾಣಿಗಳನ್ನು ಇಟ್ಟುಕೊಳ್ಳುವ ಒಂದು ಕೇಂದ್ರದಿಂದ. ಲ್ಯಾಬ್ರಡಾರ್ ಜೊತೆಗೆ ಇನ್ನೇನೋ ಬೆರಕೆ, ಹೆಸರಿಗೆ ತಕ್ಕ ಮೈ. ಕಳೆದ ವರ್ಷ ಅವನ ಮೂತ್ರಪಿಂಡಗಳು ಸೋಲತೊಡಗಿದವು. ಈ ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಮೂತ್ರಪಿಂಡದ ಬಹುಪಾಲು ಶಕ್ತಿ ಹೋಗಿಬಿಟ್ಟಿರುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ, ಹೊಟ್ಟೆ ತೊಳಸುತ್ತದೆ, ಎಷ್ಟು ನೀರು ಕುಡಿದರೂ ಮೈಯಲ್ಲಿ ನಿಲ್ಲುವುದಿಲ್ಲ. ದಿನ ಬಿಟ್ಟು ದಿನ ಅವನ ಹೆಗಲ ಮೇಲಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಸೂಜಿ ಚುಚ್ಚಿ, ರಿಂಗರ್ಸ್ ಲ್ಯಾಕ್ಟೇಟ್ ಇಳಿಸುವುದು ನನ್ನ ಕೆಲಸವಾಯಿತು. ಅಡುಗೆಮನೆಯ ಕಪಾಟಿನ ಹಿಡಿಗೆ ಬಟ್ಟೆ ಹ್ಯಾಂಗರ್, ಹ್ಯಾಂಗರಿಗೆ ದ್ರಾವಣದ ಚೀಲ. ಚರ್ಮದಡಿ ತೆಂಗಿನ ಚಿಪ್ಪಿನಷ್ಟು ಉಬ್ಬು ಬಂದು ಬೆಳಗಿನೊಳಗೆ ಇಳಿದುಹೋಗುತ್ತಿತ್ತು. ರಾತ್ರಿ ಎರಡು ಮೂರು ಸಲ ಎದ್ದು ಅವನನ್ನು ಹೊರಗೆ ಕರೆದುಕೊಂಡು ಹೋಗುವುದು, ಅಷ್ಟರಲ್ಲಿ ಆಗಿಹೋಗಿದ್ದರೆ ಒರೆಸುವುದು, ಬೆಳಗ್ಗೆ ಎಂಟಕ್ಕೆ ಆಫೀಸಿನ ಮೀಟಿಂಗಿನಲ್ಲಿ ಕೂರುವುದು. ಹೀಗೆ ಐದು ತಿಂಗಳು.

ಪಶುವೈದ್ಯೆ ಒಳ್ಳೆಯ ಹೆಂಗಸು, ಅವಸರದವರಲ್ಲ. ‘ಯಾವಾಗ ಎಂದು ನೀವೇ ಹೇಳಬೇಕು. ಮನೆಗೇ ಬರುತ್ತೇನೆ. ಈ ಶುಕ್ರವಾರ ಮಧ್ಯಾಹ್ನ ನನಗೆ ಬಿಡುವಿದೆ’ ಎಂದರು. ಕೈ ತಾನಾಗಿ ಫೋನಿನ ಕ್ಯಾಲೆಂಡರಿಗೆ ಹೋಯಿತು. ಗುರುವಾರ ನಮ್ಮ ಸಾಫ್ಟ್‌ವೇರ್ ಬಿಡುಗಡೆ ಮುಗಿಯುತ್ತಿತ್ತು, ಶುಕ್ರವಾರ ಖಾಲಿ. ಎಲ್ಲ ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ ನನಗೆ ಹೆದರಿಕೆಯಾಯಿತು.

ಮದುವೆಗೆ, ಗೃಹಪ್ರವೇಶಕ್ಕೆ, ಕೊನೆಗೆ ಬೋರ್‌ವೆಲ್ ಕೊರೆಸುವುದಕ್ಕೂ ದಿನ ನೋಡುವ ಜನ ನಾವು. ಸಾವಿಗೆ ಮುಂಚಿತವಾಗಿ ದಿನ ನೋಡಿದವನು ಭೀಷ್ಮ, ಉತ್ತರಾಯಣಕ್ಕಾಗಿ ಕಾದ. ಆದರೆ ಇಚ್ಛಾಮರಣದ ವರವಿದ್ದದ್ದು ತನ್ನ ಸಾವಿಗೆ ಮಾತ್ರ, ಇನ್ನೊಬ್ಬರದಕ್ಕಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ಕೈಗೊಂಡವರ ಶಾಸನಗಳಿವೆ. ಅವರೂ ತಾವೇ ವ್ರತ ತೊಟ್ಟವರು. ನಾನಿರುವ ಈ ಆರೆಗಾನ್ ರಾಜ್ಯ ಇಡೀ ಅಮೆರಿಕದಲ್ಲೇ ಮೊದಲು, 1994ರಲ್ಲಿ, ಘನತೆಯ ಸಾವಿನ ಕಾನೂನಿಗೆ ಮತ ಹಾಕಿತು. ಜಾರಿಗೆ ಬಂದದ್ದು 1997ರಲ್ಲಿ. ಆರು ತಿಂಗಳೊಳಗೆ ಸಾವು ಖಚಿತ ಎಂದು ಇಬ್ಬರು ವೈದ್ಯರು ಹೇಳಬೇಕು, ರೋಗಿ ಬಾಯಲ್ಲೂ ಕೇಳಬೇಕು, ಬರೆದೂ ಕೊಡಬೇಕು, ಔಷಧಿಯನ್ನು ಸ್ವತಃ ತೆಗೆದುಕೊಳ್ಳಬೇಕು. ಮಗನಾಗಲಿ ವೈದ್ಯನಾಗಲಿ ಕೊಡುವಂತಿಲ್ಲ. ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ಚಿಕಿತ್ಸೆ ನಿಲ್ಲಿಸುವುದಕ್ಕೆ ದಾರಿ ಮಾಡಿಕೊಟ್ಟಿತು, ಸಾಯುವ ಮದ್ದು ಕೊಡುವುದಕ್ಕಲ್ಲ. ಮನುಷ್ಯರ ವಿಷಯದಲ್ಲಿ ಕಟ್ಟಡವೆಲ್ಲ ನಿಂತಿರುವುದು ‘ಕೇಳುವುದು’ ಎಂಬ ಒಂದೇ ಕಂಬದ ಮೇಲೆ. ನಾಯಿ ಕೇಳುವುದಿಲ್ಲ. ಒಪ್ಪಿಗೆ ಪತ್ರದ ಕೆಳಗೆ ಸಹಿ ಹಾಕುವ ಜಾಗದಲ್ಲಿ ‘ಮಾಲೀಕ’ ಎಂದು ಬರೆದಿರುತ್ತದೆ.

(ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರುವುದಿಲ್ಲ ಎಂದ ಧರ್ಮರಾಯ ಇಲ್ಲಿ ನೆನಪಾಗುವುದು ಸಹಜ. ಆದರೆ ಆ ನಾಯಿ ಹಿಮಾಲಯ ಹತ್ತಿಬಂದದ್ದು, ಅದಕ್ಕೆ ಮೂತ್ರಪಿಂಡ ಕೆಟ್ಟಿರಲಿಲ್ಲ.)

ಪ್ರಾಣಿಗೆ ನಾಳೆ ಎಂಬುದಿಲ್ಲ, ಮುಗಿಸಬೇಕಾದ ಕೆಲಸವಿಲ್ಲ, ನೋಡಬೇಕಾದ ಮೊಮ್ಮಕ್ಕಳಿಲ್ಲ. ಹಾಗಾಗಿ ನೋವಿಲ್ಲದ ಸಾವಿನಿಂದ ಅದು ಕಳೆದುಕೊಳ್ಳುವುದೇನೂ ಇಲ್ಲ ಎಂದು ವಾದಿಸುವವರಿದ್ದಾರೆ. ಓದುವಾಗ ಗಟ್ಟಿಯಾಗಿ ಕಾಣುವ ವಾದ. ಗುಂಡ ಮಾತ್ರ ಸಂಜೆ ಐದೂವರೆಗೆ ಗ್ಯಾರೇಜಿನ ಬಾಗಿಲ ಬಳಿ ಬಂದು ಕೂರುತ್ತಿದ್ದ, ಕಾರಿನ ಸದ್ದು ಕೇಳುವುದಕ್ಕೆ ಮೊದಲೇ. ಕಾಯುವ ಜೀವಕ್ಕೆ ನಾಳೆ ಇಲ್ಲದಿದ್ದರೂ ಇನ್ನೊಂದು ಅರ್ಧ ಗಂಟೆಯಾದರೂ ಇದೆ. ಕಿತ್ತುಕೊಳ್ಳುವವನಿಗೆ ಅರ್ಧ ಗಂಟೆಯ ಲೆಕ್ಕವೂ ಲೆಕ್ಕವೇ.

ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಹೊತ್ತು ಬಂದಾಗ ಅದೇ ಹೋಗ್ತದೆ ಮಾರಾಯ, ನೀನ್ಯಾಕೆ ದಿನ ಇಡ್ತೀಯ?’ ಎಂದಳು. ಅವಳ ಮಾತಿನ ಹಿಂದೆ ನಮ್ಮ ಕೊಟ್ಟಿಗೆಯ ಗಂಗೆ ಇದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಆ ಮುದಿ ಹಸು ನೆಲ ಹಿಡಿಯಿತು. ಸುಮಾರು ಎರಡು ತಿಂಗಳು ದರಗು ಹಾಸಿ ಮಲಗಿಸಿದ್ದರು. ಅಪ್ಪ, ಚಿಕ್ಕಪ್ಪ, ತೋಟದ ಕೆಲಸದ ಇಬ್ಬರು ಸೇರಿ ದಿನಕ್ಕೆ ಮೂರು ಸಲ ಅವಳ ಮಗ್ಗುಲು ಬದಲಿಸುತ್ತಿದ್ದರು. ಅಮ್ಮ ಅಕ್ಕಚ್ಚನ್ನು ಗುಟುಕು ಗುಟುಕಾಗಿ ಬಾಯಿಗೆ ಹೊಯ್ಯುತ್ತಿದ್ದಳು. ಒಂದು ಬೆಳಗ್ಗೆ ನೋಡುವಾಗ ಹೋಗಿದ್ದಳು. ಯಾರೂ ಏನೂ ನಿರ್ಧರಿಸಲಿಲ್ಲ.

ಇದನ್ನು ಇಲ್ಲಿ ಕೂತು ಹೊಗಳುವುದು ಸುಲಭ. ಅನಿವಾಸಿಗಳಿಗೆ ಊರಿನ ಕೊಟ್ಟಿಗೆ ಕೂಡ ದೇವಸ್ಥಾನದಂತೆ ಕಾಣುತ್ತದೆ. ಗಂಗೆಯ ತೊಡೆಯ ಹುಣ್ಣಿನಲ್ಲಿ ಹುಳು ಆಗಿದ್ದನ್ನು, ಚಿಕ್ಕಪ್ಪ ಅದನ್ನು ಕಡ್ಡಿಯಿಂದ ತೆಗೆಯುವಾಗ ಅವಳ ಕಣ್ಣು ಹೇಗಿತ್ತು ಎಂಬುದನ್ನು ನಾನು ಮರೆತಿಲ್ಲ. ನಿರ್ಧಾರ ತೆಗೆದುಕೊಳ್ಳದೆ ಇರುವುದೂ ಒಂದು ನಿರ್ಧಾರ, ಅದರ ಬೆಲೆಯನ್ನು ಗಂಗೆ ತೆತ್ತಳು. ಆದರೂ ಅಮ್ಮನ ಕಡೆಯವರ ಬಳಿ ಒಂದು ಉತ್ತರವಿದೆ: ನಾಲ್ಕು ಜನರ ರಟ್ಟೆ. ಅಲ್ಲಿ ಯಾರೊಬ್ಬರಿಗೂ ‘ಸಾಕಪ್ಪ’ ಅನ್ನಿಸುವಷ್ಟು ದಣಿವು ಬರಲಿಲ್ಲ, ಹಂಚಿಹೋಗುತ್ತಿತ್ತು. ಇಲ್ಲಿ ನಾವಿಬ್ಬರು, ಮಕ್ಕಳು ಕಾಲೇಜು ಸೇರಿ ಹೋಗಿಯಾಗಿದೆ.

ಆ ದಣಿವೇ ನನ್ನ ಪ್ರಶ್ನೆಯಾಯಿತು. ಆಲಿಸ್ ವಿಲ್ಲಾಲೊಬೋಸ್ ಎಂಬ ಅಮೆರಿಕದ ಪಶುವೈದ್ಯೆ ಇಂಥ ಮನೆಗಳಿಗೆಂದೇ ಒಂದು ಅಳತೆಪಟ್ಟಿ ಮಾಡಿದ್ದಾರೆ. ನೋವು, ಹಸಿವು, ಮೈಯಲ್ಲಿನ ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು, ಹೀಗೆ ಏಳು ಬಾಬತ್ತು, ಒಂದೊಂದಕ್ಕೆ ಹತ್ತರವರೆಗೆ ಅಂಕ. ಒಟ್ಟು 35 ದಾಟಿದರೆ ಇನ್ನೂ ಬದುಕಿಸಿಕೊಳ್ಳಬಹುದು ಎಂದು ಲೆಕ್ಕ. ನಾನೂ ನನ್ನ ಹೆಂಡತಿಯೂ ಒಂದೇ ಸಂಜೆ, ಬೇರೆ ಬೇರೆ ಕೂತು, ಅಂಕ ಹಾಕಿದೆವು. ಅವಳದು 41. ನನ್ನದು 29. ನಾಯಿ ಒಂದೇ. ರಾತ್ರಿ ಏಳುತ್ತಿದ್ದವನು ಮಾತ್ರ ನಾನು.

ದಣಿದವನ ಅಂಕವನ್ನು ತೆಗೆದುಹಾಕಬೇಕೋ, ಅಥವಾ ಅಂಕ ಹಾಕುವ ಹಕ್ಕಿರುವುದೇ ಅವನಿಗೋ? ಆಗ ನನಗೆ ನೆನಪಾದದ್ದು ಅರುಣಾ ಶಾನಭಾಗ. ಹೊನ್ನಾವರದ ಬಳಿಯ ಹಳದೀಪುರದ ಹುಡುಗಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿ. 1973ರಲ್ಲಿ ಅಲ್ಲಿಯ ಕೆಲಸದವನೊಬ್ಬನ ಕ್ರೂರ ದಾಳಿಗೆ ಸಿಕ್ಕಿ ಮೆದುಳು ಹಾನಿಗೊಂಡು ಮಲಗಿದವರು 2015ರಲ್ಲಿ ತೀರಿಕೊಂಡರು. ಅವರಿಗೆ ಬಿಡುಗಡೆ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡಬೇಕಾದ ಆಪ್ತರು ವರ್ಷಗಟ್ಟಲೆ ಅವರ ಆರೈಕೆ ಮಾಡಿದ ಆಸ್ಪತ್ರೆಯವರೇ ಎಂದಿತು. ಆ ದಾದಿಯರಿಗೆ ಅರುಣಾ ಬದುಕಿರುವುದು ಬೇಕಾಗಿತ್ತು. ತೀರ್ಪಿನ ಫಲ ಸರಿಯೋ ತಪ್ಪೋ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿದೆ. ಆ ಸಾಲಿನಲ್ಲಿ ಇಲ್ಲ. ಮಗ್ಗುಲು ಬದಲಿಸಿದ ಕೈಗೆ ಗೊತ್ತಿರುವುದು ಹೊರಗಿನ ಕರುಣೆಗೆ ಗೊತ್ತಿರುವುದಿಲ್ಲ. ಹಾಗೆ ನೋಡಿದರೆ ನನ್ನ 29ರಲ್ಲಿ ಬರೀ ನಿದ್ದೆಗೇಡು ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಅವನು ಅಂಗಳದಲ್ಲಿ ತಲೆತಗ್ಗಿಸಿ ಸುಮ್ಮನೆ ನಿಂತುಬಿಡುವುದನ್ನು ನೋಡಿದವನು ನಾನೊಬ್ಬನೇ.

ಶುಕ್ರವಾರ ಬೇಡ ಎಂದು ವೈದ್ಯೆಗೆ ತಿಳಿಸಿದೆ. ಹೆಂಡತಿ ನಾಲ್ಕು ರಾತ್ರಿ ಎದ್ದಳು, ನಾನು ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆ. ಐದನೆಯ ದಿನ ಮತ್ತೆ ಅಂಕ ಹಾಕಿದೆವು. ನನ್ನದು 33ಕ್ಕೆ ಏರಿತು, ಅವಳದು 31ಕ್ಕೆ ಇಳಿಯಿತು. ನಾಲ್ಕು ಅಂಕ ನನ್ನ ನಿದ್ದೆಯದು. ಉಳಿದದ್ದು ಗುಂಡನದೇ.

ಆದರೂ ಒಂದು ವಾರ ಕಾದೆವು, ಪಟ್ಟಿಯಲ್ಲಿಲ್ಲದ ಇನ್ನೊಂದಕ್ಕಾಗಿ. ಒಂದು ಶನಿವಾರ ಹೊರಗಿಂದ ಬಂದಾಗ ಗ್ಯಾರೇಜಿನ ಬಾಗಿಲ ಬಳಿ ಅವನಿರಲಿಲ್ಲ. ಭಾನುವಾರವೂ ಇಲ್ಲ. ಒಳಗೆ ಸೋಫಾದ ಪಕ್ಕ ಎಚ್ಚರವಾಗಿಯೇ ಮಲಗಿದ್ದ, ಕಾರಿನ ಸದ್ದು ಕೇಳಿಸಿತ್ತು, ಏಳಲಿಲ್ಲ. ಸೋಮವಾರ ಬೆಳಗ್ಗೆ ಫೋನ್ ಮಾಡಿದೆ. ಮಂಗಳವಾರ ಹನ್ನೊಂದು ಗಂಟೆ ಎಂದರು. ಅವತ್ತು ಆಫೀಸಿನಲ್ಲಿ ತಪ್ಪಿಸಬಾರದ ಕೆಲಸವಿತ್ತು, ರಜೆ ಹಾಕಿದೆ. ರಜೆ ಹಾಕಿದ್ದರಿಂದ ದಯೆ ಶುದ್ಧವಾಯಿತು ಎಂದು ಹೇಳುತ್ತಿಲ್ಲ; ಅನುಕೂಲದ ದಿನ ಹೇಗೆ ಪುರಾವೆಯಲ್ಲವೋ ಅನಾನುಕೂಲದ ದಿನವೂ ಹಾಗೆಯೇ.

ಮೊದಲು ಮಂಪರಿನ ಸೂಜಿ, ಹತ್ತು ನಿಮಿಷ ಬಿಟ್ಟು ಇನ್ನೊಂದು. ಹೆಂಡತಿಯ ತೊಡೆಯ ಮೇಲೆ ತಲೆ ಇತ್ತು.

ಅಮ್ಮನಿಗೆ ಅವತ್ತೇ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಾಯಿಗೆ ನೀರು ಬಿಟ್ಟೆಯಾ?’ ಎಂದು ಕೇಳಿದಳು. ಬಿಟ್ಟೆ ಅಂದೆ.