ಕಲಿಯಲೆಂದು ಸೇರಿದವನ ಹೊಣೆ

ಸ್ವಂತ ಏಳಿಗೆಗಾಗಿ ಒಂದು ಸಮೂಹವನ್ನು ಸೇರುವುದು ಸ್ವಾರ್ಥವೇ? ಅಮೆರಿಕದ ಜಾಝ್ ಸಂಗೀತದ ಒಂದು ರೂಢಿ ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಅಲ್ಲಿ ‘ಬಿಗ್ ಬ್ಯಾಂಡ್’ ಎಂದರೆ ಸಾಮಾನ್ಯವಾಗಿ 17 ಮಂದಿಯ ವಾದ್ಯಮೇಳ: 5 ಸ್ಯಾಕ್ಸೊಫೋನ್, 4 ಟ್ರಂಪೆಟ್, 4 ಟ್ರಾಂಬೋನ್, ಜೊತೆಗೆ ಪಿಯಾನೋ, ಗಿಟಾರ್, ಬಾಸ್ ಮತ್ತು ಡ್ರಮ್ಸ್. ಕೇಳಿಯೇ ಕಲಿತ ಬಾಸ್ ವಾದಕರು ಸ್ವರಲಿಪಿಯನ್ನು ಸರಾಗವಾಗಿ ಓದಲು ಕಲಿಯಬೇಕೆಂದು ಇಂತಹ ಮೇಳವನ್ನು ಸೇರುವುದುಂಟು.

ಮನೆಯಲ್ಲಿ ಏಕಾಂಗಿಯಾಗಿ ಅಭ್ಯಾಸ ಮಾಡುವವನು ತಪ್ಪಿದಾಗ ನಿಲ್ಲಬಹುದು. ಮೇಳದಲ್ಲಿ ತಾಳವು ಯಾರಿಗಾಗಿಯೂ ಕಾಯದು. ತಪ್ಪಿದ ಸ್ವರವನ್ನು ಅಲ್ಲಿಯೇ ಬಿಟ್ಟು, ಕಣ್ಣನ್ನು ಹಾಳೆಯಲ್ಲೂ ಕಿವಿಯನ್ನು ಸಂಗಡಿಗರಲ್ಲೂ ಇರಿಸಿ ಮುಂದೆ ಸಾಗಬೇಕು. ಓದು ಚುರುಕಾಗುವುದು ಈ ಒತ್ತಡದಿಂದಲೇ. ಆದರೆ ಲಯಕ್ಕೂ ಸ್ವರಮೇಳಕ್ಕೂ ಬಾಸ್ ವಾದ್ಯವೇ ತಳಪಾಯ. ಅದು ಎಡವಿದರೆ ಉಳಿದ 16 ಮಂದಿಯ ನಡೆಯೂ ಅಲುಗುತ್ತದೆ.

ಆದುದರಿಂದ ಕಲಿಯುವ ಬಯಕೆಯಲ್ಲಿ ದೋಷವಿಲ್ಲ; ಅದರ ಬೆಲೆಯನ್ನು ಇತರರಿಂದ ತೆರಿಸುವುದರಲ್ಲಿ ದೋಷವಿದೆ. ತನ್ನ ಮಟ್ಟವನ್ನು ಮೊದಲೇ ತಿಳಿಸಿ, ಹಾಳೆಗಳನ್ನು ಮನೆಯಲ್ಲಿ ಓದಿಕೊಂಡು ಬರುವವನು ಆ ಬೆಲೆಯನ್ನು ತಾನೇ ತೆರುತ್ತಾನೆ.

ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ 1937ರಲ್ಲಿ ಕೌಂಟ್ ಬೇಸಿಯವರ ಮೇಳವನ್ನು ಸೇರಿ, 1987ರಲ್ಲಿ ನಿಧನರಾಗುವವರೆಗೆ ಸುಮಾರು 50 ವರ್ಷ ಅದರ ಲಯವನ್ನು ಕಾಯ್ದರು. ಅವರು ಒಂಟಿಯಾಗಿ ನುಡಿಸಿದ್ದು ತೀರಾ ವಿರಳ. ತನಗಾಗಿ ಮೇಳ ಸೇರಿದವನೂ ದಿನಗಳೆದಂತೆ ಅಂತಹ ಸೇವೆಯ ರುಚಿಯನ್ನು ಅರಿಯಬಲ್ಲನು. ನಾವು ಸೇರಿರುವ ಸಂಘ, ಗಾಯನ ಮಂಡಳಿಗಳಲ್ಲಿ ನಮ್ಮ ಕಲಿಕೆಯ ಬೆಲೆಯನ್ನು ತೆರುತ್ತಿರುವವರು ಯಾರು?