ಕರಗುವುದು ಕೂಡುವುದಲ್ಲ

ಜಗಳವಾಡಿದ ಇಬ್ಬರು ಮರಳಿ ಮಾತನಾಡತೊಡಗಿದರೆ ಅವರ ಜಗಳವು ತೀರಿತೆಂದು ಹೇಳಬಹುದೋ? ಹೊಲದ ಬದುವಿನ ವಿಷಯವಾಗಿ ಮುನಿಸಿಕೊಂಡ ಅಣ್ಣತಮ್ಮಂದಿರು ಸುಗ್ಗಿಯ ಕಾಲದಲ್ಲಿ ಒಂದೇ ಕಣದಲ್ಲಿ ಕೂತು ಉಂಡರೆ, "ಕೋಪ ಕರಗಿತು" ಎಂದು ಹಿರಿಯರು ಸಮಾಧಾನಪಡುತ್ತಾರೆ. ಮುಂದಿನ ವರುಷ ಅದೇ ಬದುವಿನ ಮೇಲೆ ಅದೇ ಜಗಳವು ಮೊದಲಿಗಿಂತ ಹೆಚ್ಚಾಗಿ ಎದ್ದಾಗ ಎಲ್ಲರೂ ಬೆರಗಾಗುತ್ತಾರೆ. ಹೀಗೆ ಬೆರಗಾಗುವುದಕ್ಕೆ ಕಾರಣವಿಲ್ಲವೆಂಬದನ್ನು ನೀರು ಬಂಡೆಗಳ ದೃಷ್ಟಾಂತದಿಂದ ವಿಚಾರಿಸೋಣ.

ಕಲ್ಲುಕುಟಿಗರು ಬಂಡೆಯನ್ನು ಸೀಳುವ ರೀತಿಯನ್ನು ನಾವೆಲ್ಲರೂ ಕಂಡಿದ್ದೇವೆ. ಸಾಲಾಗಿ ಕುಳಿಗಳನ್ನು ತೋಡಿ, ಅವುಗಳಲ್ಲಿ ಬೆಣೆಗಳನ್ನಿಟ್ಟು, ಸುತ್ತಿಗೆಯಿಂದ ಒಂದೊಂದನ್ನಾಗಿ ಬಡಿಯುತ್ತಾ ಬರುತ್ತಾರೆ. ಚಳಿಯ ದೇಶಗಳಲ್ಲಿ ಈ ಕೆಲಸವನ್ನು ಸುತ್ತಿಗೆಯಿಲ್ಲದೆ ನೀರೇ ಮಾಡುತ್ತದೆ. ಬಹುತರ ವಸ್ತುಗಳು ತಣ್ಣಗಾಗಿ ಗಟ್ಟಿಯಾಗುವಾಗ ಕುಗ್ಗುತ್ತವೆ. ನೀರಾದರೋ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ. 100 ಪಾಲು ನೀರು ಗಡ್ಡೆಯಾದರೆ ಸುಮಾರು 109 ಪಾಲು ಸ್ಥಳವನ್ನು ಬೇಡುತ್ತದೆ. ಕೂದಲೆಳೆಯಷ್ಟು ಸಣ್ಣ ಬಿರುಕಿನೊಳಗೆ ಇಳಿದ ನೀರಿನಲ್ಲಿ ಮೇಲಣ ಭಾಗವು ಮೊದಲು ಹೆಪ್ಪುಗಟ್ಟಿ ಮುಚ್ಚಳದಂತೆ ಬಾಯನ್ನು ಮುಚ್ಚುತ್ತದೆ. ಒಳಗಿನ ನೀರಿಗೆ ಹೊರಟುಬರಲು ದಾರಿಯಿಲ್ಲದ್ದರಿಂದ ಅದು ಗಟ್ಟಿಯಾಗುತ್ತಾ ಎರಡು ಪಕ್ಕಗಳನ್ನೂ ಒತ್ತುತ್ತದೆ. ಇದಲ್ಲದೆ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿರುವ ನೀರು ಸಹ ಮೆಲ್ಲನೆ ಗಡ್ಡೆಯ ಕಡೆಗೆ ಎಳೆಯಲ್ಪಟ್ಟು ಅದನ್ನು ಬೆಳೆಸುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ.

ಬಿಸಿಲು ಬಿದ್ದಾಗ ಗಡ್ಡೆಯು ಕರಗುತ್ತದೆ. ಬಂಡೆಗೆ ಬಿಡುಗಡೆಯಾಯಿತೆಂದು ನೋಡುವವರು ಎಣಿಸುವರು. ಆದರೆ ಅಗಲವಾದ ಬಿರುಕು ಮರಳಿ ಕೂಡುವುದಿಲ್ಲ. ಕರಗಿದ ನೀರು ಇನ್ನೂ ಆಳಕ್ಕೆ ಇಳಿಯುತ್ತದೆ, ಹೊಸ ನೀರು ಅದರ ಮೇಲೆ ಬರುತ್ತದೆ, ಮುಂದಣ ಚಳಿಗೆ ಬೆಣೆಯು ಮೊದಲಿಗಿಂತ ದೊಡ್ಡದಾಗುತ್ತದೆ. ಇನ್ನೊಂದು ಸಂಗತಿಯೂ ಉಂಟು. ಸೀಳಿಹೋದ ತುಂಡನ್ನು ಚಳಿಗಾಲವೆಲ್ಲಾ ಆ ಮಂಜುಗಡ್ಡೆಯೇ ಅಂಟಿನಂತೆ ಹಿಡಿದುಕೊಂಡಿರುವುದುಂಟು. ಅದು ಕರಗಿದಾಗ ತುಂಡು ಉರುಳುತ್ತದೆ. ಸೀಳಿದ್ದು ಚಳಿ, ಅಪವಾದವೋ ಬಿಸಿಲಿನ ಮೇಲೆ.

ಇದಕ್ಕೆ ಒಂದು ನಿಜವಾದ ಉದಾಹರಣೆಯನ್ನು ಕೇಳಿರಿ. ಅಮೇರಿಕದ ನ್ಯೂ ಹ್ಯಾಂಪ್‌ಶೈರ್ ಎಂಬ ಸಂಸ್ಥಾನದಲ್ಲಿ ಕ್ಯಾನನ್ ಎಂಬ ಬೆಟ್ಟವುಂಟು. ಅದರ ಕಡಿದಾದ ಪಕ್ಕದಲ್ಲಿ ಚಾಚಿಕೊಂಡಿದ್ದ ಕರಿಕಲ್ಲಿನ ಹಾಸುಗಳು ಒಂದು ಕಡೆಯಿಂದ ನೋಡುವವರಿಗೆ ಮುದುಕನೊಬ್ಬನ ಮುಖದಂತೆ ತೋರುತ್ತಿದ್ದವು. ಆ ಮುಖವು ಸುಮಾರು 40 ಅಡಿ ಎತ್ತರವಾಗಿತ್ತು. ಜನರು ಅದನ್ನು 'ಬೆಟ್ಟದ ಮುದುಕ' ಎಂದು ಕರೆದು ಬಹಳವಾಗಿ ಪ್ರೀತಿಸಿ, 1945ರಲ್ಲಿ ತಮ್ಮ ಸಂಸ್ಥಾನದ ಲಾಂಛನವನ್ನಾಗಿ ಮಾಡಿಕೊಂಡರು. ಅದರ ಹಣೆಯ ಕಲ್ಲು ಬಿರುಕುಬಿಟ್ಟು ಜರುಗುತ್ತಿದೆಯೆಂದು ಬಹು ಹಿಂದೆಯೇ ಗೈ ರಾಬರ್ಟ್ಸ್ ಎಂಬ ಪಾದ್ರಿಯವರು ಎಚ್ಚರಿಸಿದ್ದರು. 1916ರಲ್ಲಿ ಕಬ್ಬಿಣದ ಕಟ್ಟುಗಳಿಂದ ಆ ಕಲ್ಲನ್ನು ಬಿಗಿದರು. 1957ರಲ್ಲಿ ಸಂಸ್ಥಾನದವರು ಹಣವನ್ನು ಮಂಜೂರು ಮಾಡಿದ ಮೇಲೆ, ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಉಕ್ಕಿನ ಸಲಾಕೆಗಳನ್ನು ಹೂಡಿ, ಮೇಲಿನಿಂದ ಹರಿದುಬರುವ ನೀರನ್ನು ತಿರುಗಿಸುವುದಕ್ಕೆ ಒಂದು ಕಾಲುವೆಯನ್ನೂ ಕಟ್ಟಿದರು. ಆಮೇಲೆ ಪ್ರತಿ ಬೇಸಿಗೆಯಲ್ಲಿ ಕೆಲವರು ಅಲ್ಲಿಗೆ ಹತ್ತಿ ದುರಸ್ತು ಮಾಡುತ್ತಿದ್ದರು. ಆದರೂ 2003ನೆಯ ಇಸವಿಯ ಮೇ 3ರ ಮಧ್ಯರಾತ್ರಿ ಕಳೆದ ಮೇಲೆ, ಯಾರೂ ನೋಡದಿರುವಾಗ ಆ ಮುಖವು ಕುಸಿದುಬಿತ್ತು.

ಆ ಒಂದು ರಾತ್ರಿಯೇ ಅದನ್ನು ಕೆಡವಿತೆನ್ನಬಹುದೋ? ಎಷ್ಟೋ ಸಾವಿರ ಚಳಿಗಾಲಗಳು ಸೇರಿ ಮಾಡಿದ ಕಾರ್ಯಕ್ಕೆ ಆ ರಾತ್ರಿಯು ಸಾಕ್ಷಿ ಮಾತ್ರ. ಆದರೂ ಮನೆಯು ಒಡೆದಾಗ ನಾವು ಕಡೆಯ ಮಾತನ್ನೇ ಹಿಡಿದುಕೊಂಡು, "ಸೊಸೆ ಆ ದಿನ ಹಾಗನ್ನದಿದ್ದರೆ," "ತಮ್ಮ ಆ ದಿನ ಕೈಯೆತ್ತದಿದ್ದರೆ" ಎಂದು ತೀರ್ಪು ಮಾಡುತ್ತೇವೆ. ಕಡೆಯವನ ಮೇಲೆ ಎಲ್ಲಾ ಹೊರೆಯನ್ನು ಹಾಕುವುದು ನ್ಯಾಯವಲ್ಲ; ಅದು ಮಿಕ್ಕವರೆಲ್ಲರಿಗೆ ಸುಲಭವಾದ ದಾರಿ, ಅಷ್ಟೇ.

ಹಾಗಾದರೆ ಸಮಾಧಾನವಾಗುವುದು ವ್ಯರ್ಥವೋ ಎಂದು ಕೆಲವರು ಕೇಳಾರು. ವ್ಯರ್ಥವಲ್ಲ; ಆದರೆ ಕರಗುವುದು ಬೇರೆ, ಕ್ಷಮಿಸುವುದು ಬೇರೆ. ಸುಗ್ಗಿ, ಮದುವೆ, ಸಾವು ಇವು ಬಂದಾಗ ಮನಸ್ಸು ತಾನಾಗಿ ಕರಗುತ್ತದೆ. ಅದು ಹವೆಯ ಗುಣ, ನಮ್ಮ ಗುಣವಲ್ಲ. ಕ್ಷಮೆಯಾದರೋ ಕೆಲಸ. ಅದು ಬಿರುಕಿನ ಬಳಿಗೆ ಹಿಂದಿರುಗಿ ಹೋಗಿ, ಅದು ಎಲ್ಲಿ ಶುರುವಾಯಿತೆಂದು ನೋಡಿ, ಬದುವನ್ನು ಅಳೆಯಿಸಿ, ಕೊಡತಕ್ಕದ್ದನ್ನು ಕೊಟ್ಟು, ಆಡಿದ್ದನ್ನು ಆಡಿದೆನೆಂದು ಒಪ್ಪಿಕೊಳ್ಳುತ್ತದೆ. ನಾವು ಸಹ ಇಂಥ ಜಗಳಗಳಲ್ಲಿ ಮಧ್ಯಸ್ಥರಾಗಿ ಕೂತದ್ದುಂಟು. ಇಬ್ಬರ ಕೈಗಳನ್ನು ಕೂಡಿಸಿ ಮನೆಗೆ ಕಳುಹಿಸಿದೆವು. ಬದುವನ್ನು ಮಾತ್ರ ಅಳೆಯಿಸಲಿಲ್ಲ. ಎರಡು ವರುಷಗಳಲ್ಲಿ ಅವರು ಕಚೇರಿಯ ಮೆಟ್ಟಲು ಹತ್ತಿದರು. ಆ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಬೆಟ್ಟವನ್ನು ಕಾದವರ ಪ್ರಯಾಸವು ನಿಷ್ಫಲವಾಯಿತೆಂದು ನಾವು ಎಣಿಸುವುದಿಲ್ಲ. ಎಷ್ಟೋ ವರುಷ ಅವರು ಆ ಮುಖವನ್ನು ಉಳಿಸಿದರು. ಅವರಿಂದ ನಾವು ಎರಡು ಬುದ್ಧಿಗಳನ್ನು ಕಲಿಯಬಹುದು. ಕಬ್ಬಿಣದ ಕಟ್ಟು ಬಿರುಕುಬಿಟ್ಟದ್ದನ್ನು ಹಿಡಿಯುತ್ತದೆ. ನೀರನ್ನು ತಿರುಗಿಸುವ ಕಾಲುವೆಯಾದರೋ ಬಿರುಕಿಗೆ ಬಲವೇ ಸಿಕ್ಕದಂತೆ ಮಾಡುತ್ತದೆ. ಅಂತೆಯೇ ಆಣೆಗಳಿಂದಲೂ ಮುಚ್ಚಳಿಕೆಗಳಿಂದಲೂ ಮನೆಯನ್ನು ಬಿಗಿಯುವುದಕ್ಕಿಂತ, ಚಾಡಿಮಾತು ಒಳಗೆ ಇಳಿಯದ ಹಾಗೆ ಅದನ್ನು ಹೊರಗಡೆಯೇ ತಿರುಗಿಸಿಬಿಡುವುದು ಮೇಲು. ಎರಡನೆಯದು: ಅವರು ಬೆಟ್ಟವನ್ನು ಹತ್ತಿದ್ದು ಬೇಸಿಗೆಯಲ್ಲಿ. ಹೆಪ್ಪುಗಟ್ಟಿದ ಬಿರುಕನ್ನು ಯಾರೂ ಮುಚ್ಚಲಾರರು. ಒಣಗಿರುವಾಗ ಮಾತ್ರ ಮುಚ್ಚಬಹುದು. ನಾವಾದರೋ ಜಗಳ ಬಂದಾಗ ಸಂಧಾನಕ್ಕೆ ಓಡಿ, ಒಳ್ಳೆಯ ದಿನಗಳಲ್ಲಿ ಸುಮ್ಮನಿರುತ್ತೇವೆ.

ಕಲ್ಲಿಗೆ ತನ್ನ ಬಿರುಕನ್ನು ತಾನೇ ಕೂಡಿಸುವ ಶಕ್ತಿಯಿಲ್ಲ. ಮನುಷ್ಯರಿಗೆ ಅದು ಉಂಟು. ಆದಕಾರಣ, ಪ್ರಿಯರೇ, ಈಗ ನಿಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿರುವದಾದರೆ, ಹಳೆಯ ಬಿರುಕನ್ನು ನೋಡುವುದಕ್ಕೆ ಇದೇ ತಕ್ಕ ಸಮಯವೆಂದು ತಿಳಿಯಿರಿ. ಇಂದೇ ಅಣ್ಣನ ಮನೆಗೆ ಹೋಗಿರಿ. ಅಳತೆಯ ಹಗ್ಗವನ್ನೂ ತೆಗೆದುಕೊಂಡು ಹೋಗಿರಿ.